ಎಷ್ಟು ನಿಮಿಷವಾಯಿತು?

ದಾಸ್ತೊಯೆವ್‌ಸ್ಕಿಯ 'ಇಡಿಯಟ್' ಕಾದಂಬರಿಯನ್ನು ನಾನು ಕಾಲೇಜಿನಲ್ಲಿ ಎಂಟು ಹತ್ತು ವರ್ಷ ಪಾಠ ಹೇಳಿದ್ದೇನೆ. ಅದರ ಮೇಲೆ ನಾನು ಕೇಳಿರುವ ಅತ್ಯಂತ ಕಠಿಣವಾದ ವಿಮರ್ಶೆ ಮಾತ್ರ ತರಗತಿಯಿಂದ ಬಂದದ್ದಲ್ಲ, ಪಂಡಿತರ ಗ್ರಂಥಗಳಿಂದಲೂ ಬಂದದ್ದಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನನ್ನ ತಮ್ಮ ಆಡಿದ್ದು.

ತಮ್ಮನಿಗೆ ಬಹಳ ಹೊತ್ತು ಓದಲಾಗುವುದಿಲ್ಲ; ಕಥೆ ಕೇಳುವ ಆಸೆ ಮಾತ್ರ ವಿಪರೀತ. ಆದುದರಿಂದ ನಾನು ಓದಿದ್ದನ್ನು ಸಂಜೆಯ ಹೊತ್ತು ಅವನಿಗೆ ಕನ್ನಡದಲ್ಲಿ ಹೇಳುವುದು ನಮ್ಮಲ್ಲಿ ಬೆಳೆದು ಬಂದಿರುವ ರೂಢಿ. ಕಳೆದ ಮಳೆಗಾಲದಲ್ಲಿ 'ಇಡಿಯಟ್' ಹಿಡಿದುಕೊಂಡಿದ್ದೆವು. ಎರಡನೆಯ ಭಾಗದಲ್ಲಿ ಆ ಪ್ರಸಿದ್ಧವಾದ ಸನ್ನಿವೇಶ ಬರುತ್ತದೆಯಲ್ಲ: ರಾಜಕುಮಾರ ಮಿಷ್ಕಿನ್ ಹೋಟೆಲಿನ ಕತ್ತಲು ಮೆಟ್ಟಿಲನ್ನು ಹತ್ತುತ್ತಿದ್ದಾನೆ, ಅವನ ಗೆಳೆಯನೂ ವೈರಿಯೂ ಆದ ರೊಗೋಜಿನ್ ಅಲ್ಲಿ ಅವಿತು ನಿಂತಿದ್ದಾನೆ, ಚೂರಿ ಮೇಲೇಳುತ್ತದೆ, ಅದೇ ಗಳಿಗೆಯಲ್ಲಿ ಮಿಷ್ಕಿನನಿಗೆ ಅಪಸ್ಮಾರ ಬಂದು, ಮನುಷ್ಯನದೆಂದು ಹೇಳಲಾಗದಂಥ ಕೂಗು ಹೊರಟು, ಅವನು ಮೆಟ್ಟಿಲುಗಳ ಮೇಲೆ ಉರುಳಿಬೀಳುತ್ತಾನೆ, ಕೊಲ್ಲಬಂದವನು ಹೆದರಿ ಓಡಿಹೋಗುತ್ತಾನೆ. ಇಲ್ಲಿ ನಾನು ತರಗತಿಯಲ್ಲಿ ಮಾಡುತ್ತಿದ್ದಂತೆ ಸ್ವಲ್ಪ ಹೊತ್ತು ಸುಮ್ಮನಾದೆ. ವಿದ್ಯಾರ್ಥಿಗಳಾದರೆ ನಿಟ್ಟುಸಿರು ಬಿಡುತ್ತಿದ್ದರು.

ತಮ್ಮ ಕೇಳಿದ: "ಎಷ್ಟು ನಿಮಿಷ ಇತ್ತಣ್ಣ?"

"ಏನು?"

"ಫಿಟ್ಸು. ಆಮೇಲೆ ಅವನ ಬಟ್ಟೆ ಯಾರು ಬದಲಾಯಿಸಿದರು?"

ಪುಸ್ತಕ ತೆಗೆದು ನೋಡಿದೆ. ಕೋಲ್ಯ ಎಂಬ ಹುಡುಗ ಬಂದು ಗುರುತು ಹಿಡಿಯುತ್ತಾನೆ, ಕೋಣೆಗೆ ಸಾಗಿಸುತ್ತಾರೆ, ವೈದ್ಯನೊಬ್ಬ ಬರುತ್ತಾನೆ, ಮೂರನೆಯ ದಿನಕ್ಕೆ ಎಲ್ಲರೂ ಪಾವ್ಲೊವ್‌ಸ್ಕಿನ ಬೇಸಗೆ ಮನೆಯಲ್ಲಿದ್ದಾರೆ. ಹೆಚ್ಚುಕಡಿಮೆ ಅಷ್ಟೆ. ನಿಮಿಷವೂ ಇಲ್ಲ, ಬಟ್ಟೆಯೂ ಇಲ್ಲ.

"ಬರೆದವನಿಗೆ ಇದು ಗೊತ್ತಿರಲಿಲ್ಲ ಅಂತ ಕಾಣುತ್ತೆ" ಎಂದ ತಮ್ಮ.

"ಬರೆದವನಿಗೂ ಇದೇ ಕಾಯಿಲೆ ಇತ್ತು ಕಣೋ."

"ಹಾಗಾದರೆ ಗೊತ್ತಿದ್ದೂ ಬಿಟ್ಟಿದ್ದಾನೆ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕಿಕೊಂಡು ಹಳೆಯದು ಹೊಸದು ಎನ್ನದೆ ಕೆಲವು ಪುಸ್ತಕಗಳನ್ನು ಮತ್ತೆ ಓದಿದೆ. ಈ ಬರಹ ಆ ಓದಿನ ಫಲ.

ಮೊದಲು ನನ್ನ ಪಕ್ಷಪಾತವನ್ನು ಹೇಳಿಬಿಡುವುದು ನ್ಯಾಯ. ತಮ್ಮನಿಗೆ ಒಂಬತ್ತನೆಯ ವಯಸ್ಸಿನಲ್ಲಿ ಶುರುವಾದ ಅಪಸ್ಮಾರ ಐವತ್ತು ದಾಟಿದ ಮೇಲೂ ನಿಂತಿಲ್ಲ. ಫಿನೋಬಾರ್ಬಿಟೋನ್ ಅವನನ್ನು ಶಾಲೆಯ ಬೆಂಚಿನ ಮೇಲೆ ತೂಕಡಿಸುವಂತೆ ಮಾಡಿತು. ಫೆನಿಟಾಯಿನ್ ಒಸಡನ್ನು ಊದಿಸಿತು. ಕಾರ್ಬಮಜೆಪೀನ್ ಆರು ತಿಂಗಳು ಆಸೆ ತೋರಿಸಿ ಕೈಬಿಟ್ಟಿತು. ವಾಲ್ಪ್ರೊಯೇಟ್ ಕೈ ನಡುಗಿಸಿತು. ಆಮೇಲೆ ಬಂದ ಹೊಸ ಮಾತ್ರೆಗಳ ಲೆಕ್ಕ ಬೇಡ. ಇದು ಅಪರೂಪದ ದುರದೃಷ್ಟವೇನೂ ಅಲ್ಲ. ತಕ್ಕ ಔಷಧಗಳಲ್ಲಿ ಎರಡನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟೂ ಸೆಳೆತ ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಅಪಸ್ಮಾರವೆಂದು ಕರೆಯಬೇಕೆಂದು ಅಂತರರಾಷ್ಟ್ರೀಯ ತಜ್ಞರ ಸಂಘ 2010ರಲ್ಲಿ ನಿಯಮ ಮಾಡಿತು. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಈ ಗುಂಪಿಗೆ ಸೇರುತ್ತಾರೆ. 2000ದಲ್ಲಿ ಪ್ರಕಟವಾದ ಗ್ಲಾಸ್ಗೋ ನಗರದ ಅಧ್ಯಯನವೊಂದರ ಪ್ರಕಾರ ಮೊದಲನೆಯ ಔಷಧದಿಂದಲೇ ಅರ್ಧಕ್ಕೆ ತುಸು ಕಡಮೆ ಜನ ಗೆದ್ದುಬಿಡುತ್ತಾರೆ. ಎರಡನೆಯದೂ ಸೋತರೆ ಮುಂದಿನ ಔಷಧದಿಂದ ಗೆಲ್ಲುವ ಸಂಭವ ಬಹಳ ಇಳಿದುಹೋಗುತ್ತದೆ.

ಇನ್ನು ನಿಮಿಷದ ಮಾತು. ಸಾಮಾನ್ಯವಾಗಿ ಮೈಯೆಲ್ಲ ಸೆಟೆದು ಅದುರುವ ಸೆಳೆತ ಒಂದೆರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಐದು ನಿಮಿಷ ದಾಟಿತೆಂದರೆ ಅದು ತಾನಾಗಿ ನಿಲ್ಲಲಾರದೆಂದು ತಿಳಿದು ಔಷಧ ಕೊಡಬೇಕು. ಅರ್ಧ ಗಂಟೆ ದಾಟಿದರೆ ಮಿದುಳಿಗೇ ಪೆಟ್ಟು. ಹೀಗಾಗಿ ನಮ್ಮಂಥ ಮನೆಗಳಲ್ಲಿ ದೇವರ ಪಟಕ್ಕಿಂತ ಗಡಿಯಾರಕ್ಕೆ ಹೆಚ್ಚು ಮರ್ಯಾದೆ. ತಮ್ಮ ಬಿದ್ದ ಕೂಡಲೇ ಮಾಡಬೇಕಾದದ್ದು ಅವನನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಬಾಯೊಳಗೆ ಏನನ್ನೂ ತುರುಕದೆ, ಗಡಿಯಾರ ನೋಡುವುದು. ಅಕ್ಕಪಕ್ಕದವರು ಕಬ್ಬಿಣದ ಬೀಗದ ಕೈಯನ್ನೂ ಈರುಳ್ಳಿಯನ್ನೂ ಹಿಡಿದು ಓಡಿಬರುತ್ತಾರೆ. ಅವರ ಪ್ರೀತಿ ದೊಡ್ಡದು, ಅವರನ್ನು ನೋಯಿಸದೆ ಹೊರಗೆ ಕಳಿಸುವುದೇ ಒಂದು ಕಲೆ. ಅಮ್ಮ ಇದ್ದಾಗ ನಿಮಿಷಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದಳು. ಐದಾದ ಮೇಲೆ ಅವಳ ದನಿ ಬದಲಾಗುತ್ತಿತ್ತು. ಒಮ್ಮೆ ನಲವತ್ತರವರೆಗೆ ಎಣಿಸಿದಳು. ಆ ನಲವತ್ತರಲ್ಲಿ ಹೆಚ್ಚಿನ ಪಾಲು ಆಟೋರಿಕ್ಷಾದಲ್ಲಿ ಕಳೆದದ್ದು. ಈಗ ಐದು ನಿಮಿಷಕ್ಕೆ ಮೂಗಿನಲ್ಲಿ ಸಿಂಪಡಿಸುವ ಮಿಡಜೋಲಾಮ್ ಬಂದಿದೆ. ನನ್ನ ಅಂಗಿಯ ಜೇಬಿನಲ್ಲಿ ಸದಾ ಇರುತ್ತದೆ.

ಈ ಕಣ್ಣಿನಿಂದ ಸಾಹಿತ್ಯವನ್ನು ನೋಡಿದರೆ ಕಾಣುವುದೇನು? ಅಪಸ್ಮಾರವನ್ನು ಸಾಹಿತಿಗಳು ಬಹಳ ಮೆಚ್ಚಿದ್ದಾರೆ. ಆದರೆ ಮಿಂಚಿನ ಹಾಗೆ ಮೆಚ್ಚಿದ್ದಾರೆ. ಅದು ಬರಬೇಕು, ಬೆಳಗಬೇಕು, ಕಥೆಯನ್ನು ತಿರುಗಿಸಿ ಹೋಗಬೇಕು. ಒಥೆಲೊ ಬೀಳುವುದು ಇಯಾಗೋವಿನ ವಿಷ ಎಷ್ಟು ಇಳಿದಿದೆಯೆಂದು ತೋರಿಸುವುದಕ್ಕೆ. (ಕಣತಲೆಯನ್ನು ಉಜ್ಜೋಣವೆಂದು ಕ್ಯಾಸಿಯೊ ಹೇಳಿದಾಗ, ಬೇಡ, ಅದರ ಪಾಡಿಗೆ ಬಿಡು ಎನ್ನುವವನು ಇಯಾಗೋ. ಇಡೀ ನಾಟಕದಲ್ಲಿ ಸರಿಯಾದ ಪ್ರಥಮ ಚಿಕಿತ್ಸೆ ಗೊತ್ತಿರುವವನು ಖಳನಾಯಕನೊಬ್ಬನೇ!) ವಿಲ್ಕಿ ಕಾಲಿನ್ಸ್ 1872ರಲ್ಲಿ ಬರೆದ 'ಪೂರ್ ಮಿಸ್ ಫಿಂಚ್' ಕಾದಂಬರಿಯಲ್ಲಿ ನಾಯಕ ಬೆಳ್ಳಿಯ ಲವಣವನ್ನು ಔಷಧವಾಗಿ ತೆಗೆದುಕೊಳ್ಳುತ್ತಾನೆ, ಸೆಳೆತ ನಿಲ್ಲುತ್ತದೆ, ಮೈ ಮಾತ್ರ ನೀಲಿಯಾಗಿಬಿಡುತ್ತದೆ. ಔಷಧ ಕೊಳ್ಳುವ ಬೆಲೆಯನ್ನು ಇಷ್ಟು ಕಣ್ಣಿಗೆ ಹೊಡೆಯುವಂತೆ ತೋರಿಸಿದವರು ಕಡಮೆ. ಆದರೂ ಅಲ್ಲಿ ಬೆಲೆ ಕೊಟ್ಟವನಿಗೆ ಸರಕು ಸಿಕ್ಕಿತು. ಬೆಲೆಯನ್ನೂ ತೆತ್ತು ಬರಿಗೈಯಲ್ಲಿ ಬಂದವನ ಕಥೆ ಕಾಲಿನ್ಸನಿಗೆ ಬೇಕಿರಲಿಲ್ಲ.

ನಮ್ಮ ಕಡೆಯ ಸಂಗತಿ ಇನ್ನೂ ಸರಳ. ಕಂಪೆನಿ ನಾಟಕಗಳ ಕಾಲದಿಂದ ನಮಗೆ ಮೂರ್ಛೆ ಎಂದರೆ ನಾಯಕಿಯ ಹಕ್ಕು. ದುರ್ವಾರ್ತೆ ಕೇಳಿ ಬೀಳಬೇಕು, ಸಖಿ ನೀರು ಚಿಮುಕಿಸಬೇಕು, ಎದ್ದು "ನಾನೆಲ್ಲಿದ್ದೇನೆ?" ಎನ್ನಬೇಕು. ಅದೇ ಮೂರ್ಛೆ ಎಂಬ ಶಬ್ದವನ್ನು ಈ ರೋಗಕ್ಕೂ ಇಟ್ಟು, ಜನ ನಮ್ಮ ಮನೆಗೂ ನೀರಿನ ಚೊಂಬು ಹಿಡಿದು ಬರುವಂತಾಯಿತು. 'ಅಪಸ್ಮಾರ' ಒಳ್ಳೆಯ ಶಬ್ದ. ಸ್ಮೃತಿ ತಪ್ಪುವುದು ಅದರ ಅರ್ಥ, ಚರಕನಷ್ಟು ಹಳೆಯದು. ನಟರಾಜನ ಪಾದದ ಕೆಳಗೆ ಬಿದ್ದಿರುವ ಕುಳ್ಳನಿಗೂ ಅದೇ ಹೆಸರು. ಶಿವ ಅವನನ್ನು ಕೊಂದಿಲ್ಲ, ಒಂದು ಕಾಲಿನಿಂದ ಅದುಮಿ ಹಿಡಿದಿದ್ದಾನೆ ಅಷ್ಟೆ. ಕಾಲು ತೆಗೆದರೆ ಏಳುತ್ತಾನೆ. ಔಷಧಕ್ಕೆ ಬಗ್ಗದ ಅಪಸ್ಮಾರವನ್ನು ಬಲ್ಲವರು ಯಾರಾದರೂ ಆ ಶಿಲ್ಪಿಗಳ ಗುಂಪಿನಲ್ಲಿ ಇದ್ದಿರಬೇಕೆಂದು ನನಗೆ ಅನೇಕ ಸಲ ಅನಿಸಿದೆ. ಶಾಸನ ಮಾಡಿದವರಿಗೆ ಈ ತಿಳಿವು ಇರಲಿಲ್ಲ. 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯಲ್ಲಿ, ಮರುಕಳಿಸುವ ಹುಚ್ಚಿನ ಪಕ್ಕದಲ್ಲಿಯೇ ಮರುಕಳಿಸುವ ಅಪಸ್ಮಾರವೂ ಮದುವೆಗೆ ಅಡ್ಡಿಯೆಂದು ಕುಳಿತಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ತಮ್ಮನ ಮದುವೆಯ ಮಾತು ನಮ್ಮ ಮನೆಯಲ್ಲಿ ನಿಂತುಹೋಗಿತ್ತು.

ಮತ್ತೆ ದಾಸ್ತೊಯೆವ್‌ಸ್ಕಿಗೆ ಬರೋಣ. ತಮ್ಮ ಹಾಕಿದ ಆಪಾದನೆ ಅವನ ಮೇಲೆಯೇ.

ಮಿಷ್ಕಿನನ ಅನುಭವದಲ್ಲಿ ಲೇಖಕ ಮನಸ್ಸಿಟ್ಟು ಬರೆದಿರುವುದು ಸೆಳೆತವನ್ನಲ್ಲ, ಸೆಳೆತಕ್ಕೆ ಮುಂಚಿನ ಅರೆಗಳಿಗೆಯನ್ನು. ಲೋಕವೆಲ್ಲ ಒಮ್ಮೆಗೇ ಬೆಳಗಿ ಎಲ್ಲ ಸಂಶಯಗಳೂ ಶಾಂತವಾಗುವ ಆ ಕ್ಷಣಕ್ಕೆ ಬಾಳನ್ನೇ ತೆತ್ತರೂ ನಷ್ಟವಿಲ್ಲವೆಂದು ಮಿಷ್ಕಿನ್ ಯೋಚಿಸುತ್ತಾನೆ. ಅದರ ಬೆನ್ನಿಗೇ ಬರುವ ಜಡತೆ, ಮಂಕು ಅವನಿಗೆ ತಿಳಿಯದ್ದಲ್ಲ. ಅದನ್ನೂ ಒಂದು ಮಾತಿನಲ್ಲಿ ಹೇಳುತ್ತಾನೆ. ಆದರೆ ಒಂದು ಮಾತಿನಲ್ಲಿ! ಈ ಪುಟಗಳನ್ನು ಹಿಡಿದುಕೊಂಡು ಅಪಸ್ಮಾರವೆಂದರೆ ಋಷಿಗಳ ರೋಗವೆಂದು ಬರೆದವರು ಎಷ್ಟೋ ಮಂದಿ. ನಾನೂ ತರಗತಿಯಲ್ಲಿ ಹಾಗೆಯೇ ಹೇಳುತ್ತಿದ್ದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಮನೆಗೆ ಹೋದರೆ ಅಲ್ಲಿ ತಮ್ಮ ಕಚ್ಚಿಕೊಂಡ ನಾಲಗೆಯಿಂದ ಗಂಜಿ ಕುಡಿಯಲಾರದೆ ಕುಳಿತಿರುತ್ತಿದ್ದ.

'ಇಡಿಯಟ್' ಪ್ರಕಟವಾದದ್ದು 1868-69ರಲ್ಲಿ. ಅದಾದ ಹತ್ತು ವರ್ಷಕ್ಕೆ, 1878ರ ಮೇ ತಿಂಗಳಲ್ಲಿ, ದಾಸ್ತೊಯೆವ್‌ಸ್ಕಿಯ ಕಿರಿಯ ಮಗ ಅಲ್ಯೋಷ ಸತ್ತ. ಇನ್ನೂ ಮೂರು ತುಂಬಿರಲಿಲ್ಲ. ಅವನಿಗೆ ಬಂದದ್ದು ನಿಲ್ಲದ ಸೆಳೆತ, ಗಂಟೆಗಟ್ಟಲೆ ಇತ್ತು. ತಾಯಿ ಅನ್ನಾ ತನ್ನ ನೆನಪುಗಳಲ್ಲಿ ಅದನ್ನು ಸರಳವಾಗಿ ಬರೆದಿದ್ದಾಳೆ: ಮಗುವಿನ ಮುಖ ಅದುರತೊಡಗಿದ್ದು, ಹಲ್ಲು ಹುಟ್ಟುವುದಕ್ಕೆ ಹೀಗಾಗುತ್ತಿದೆಯೆಂದು ಮೊದಲು ತಿಳಿದದ್ದು, ವೈದ್ಯರನ್ನು ಕಳಿಸಿಬಂದ ಗಂಡ ಬಿಳಿಚಿಕೊಂಡು ಸೋಫಾದ ಪಕ್ಕದಲ್ಲಿ ಮೊಣಕಾಲೂರಿದ್ದು. ತನ್ನ ರೋಗವೇ ಮಗನಿಗೆ ಇಳಿಯಿತೆಂಬ ಕೊರಗು ಅವನನ್ನು ಹಿಂಡಿತೆಂದೂ ಹೇಳುತ್ತಾಳೆ. ಮುಂದಿನ ತಿಂಗಳು ಅವನು ತರುಣ ಸೊಲೊವ್ಯೋವನ ಜೊತೆಗೆ ಆಪ್ಟಿನಾ ಮಠಕ್ಕೆ ಹೋದ. ಆ ದುಃಖವೆಲ್ಲ 'ಕರಮಜೋವ್ ಸಹೋದರರು' ಕಾದಂಬರಿಯಲ್ಲಿ ಸೇರಿತು. ಮಠದ ಹಿರಿಯನ ಮುಂದೆ ಅಳುವ ಹಳ್ಳಿಯ ತಾಯಿಯೊಬ್ಬಳು ಬರುತ್ತಾಳೆ. ಅವಳ ಸತ್ತ ಮಗನಿಗೆ ಅಲೆಕ್ಸಿ ಎಂದು ಹೆಸರು, ಮೂರು ವರ್ಷಕ್ಕೆ ಮೂರು ತಿಂಗಳು ಕಡಮೆ. ಆ ಪುಟಗಳನ್ನು ಕಣ್ಣು ಒದ್ದೆಯಾಗದೆ ಓದುವುದು ಕಷ್ಟ.

ಆದರೆ ಮಗು ಏನಾಗಿ ಸತ್ತಿತೆಂದು ಆ ತಾಯಿ ಹೇಳುವುದಿಲ್ಲ. ಹೆಸರು ಬಂತು, ವಯಸ್ಸು ಬಂತು, ಅಳು ಬಂತು. ಸೆಳೆತ ಬರಲಿಲ್ಲ.

ಹಾಗಾದರೆ ಆ ದೀರ್ಘವಾದ ಸೆಳೆತ ಎಲ್ಲಿಗೆ ಹೋಯಿತು? ಅದೂ ಅದೇ ಕಾದಂಬರಿಯಲ್ಲಿ ಇದೆ. ಇರಬಾರದ ಕಡೆ ಇದೆ. ಸ್ಮೆರ್ದ್ಯಾಕೊವ್ ಎಂಬ ಅಡಿಗೆಯವನಿಗೆ ಅಪಸ್ಮಾರ. ನಾಳೆ ನನಗೆ ಉದ್ದನೆಯ ಫಿಟ್ಸು ಬರುವುದೆಂದೂ, ಅಂಥವು ಗಂಟೆಗಟ್ಟಲೆ, ಒಂದೆರಡು ದಿನವೂ ಇರುವುದುಂಟೆಂದೂ, ಒಮ್ಮೆ ಅಟ್ಟದಿಂದ ಬಿದ್ದಾಗ ಮೂರು ದಿನ ಇತ್ತೆಂದೂ ಅವನು ಐವಾನನಿಗೆ ಮುಂಚಿತವಾಗಿಯೇ ತಿಳಿಸುತ್ತಾನೆ. ಮರುದಿನ ಹೇಳಿದಂತೆಯೇ ಬೀಳುತ್ತಾನೆ. ಅದು ನಟನೆ. ಆ ನಟನೆಯ ಮರೆಯಲ್ಲಿ ಎದ್ದುಹೋಗಿ ಮುದುಕ ಕರಮಜೋವನನ್ನು ಕೊಲ್ಲುತ್ತಾನೆ. ಮಗನನ್ನು ತಿಂದ ಸೆಳೆತವನ್ನು, ಮಗ ಸತ್ತು ಎರಡು ವರ್ಷ ತುಂಬುವುದರೊಳಗೆ, ತಂದೆ ಒಬ್ಬ ಕೊಲೆಗಾರನ ಕೈಗೆ ಸುಳ್ಳುಸಾಕ್ಷಿಯಾಗಿ ಕೊಟ್ಟಿದ್ದಾನೆ!

ಇದನ್ನು ಮೊದಲ ಸಲ ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಸಿಟ್ಟೇ ಬಂತು. ಆಮೇಲೆ ಸ್ಮೆರ್ದ್ಯಾಕೊವನ ಕೊನೆಯ ತಪ್ಪೊಪ್ಪಿಗೆಯನ್ನು ಓದಿದೆ. ನಟಿಸಿದ ಮಾರನೆಯ ಬೆಳಗ್ಗೆ ಅವನಿಗೆ ನಿಜವಾದದ್ದೇ ಬಂದಿದೆ. ಎಷ್ಟೋ ವರ್ಷಗಳಿಂದ ಬಾರದಷ್ಟು ಘೋರವಾದದ್ದು. ಎರಡು ದಿನ ಪ್ರಜ್ಞೆಯಿರಲಿಲ್ಲ. ಇಷ್ಟನ್ನು ಲೇಖಕ ನಡುವೆ ತೂರಿಸಿ ಮುಂದಕ್ಕೆ ಹೋಗುತ್ತಾನೆ. ಕೊಲೆಯ ರಹಸ್ಯ ಬಿಚ್ಚುತ್ತಿರುವಾಗ ಓದುಗ ಅದನ್ನು ಗಮನಿಸುವುದೂ ಇಲ್ಲ. ನಾನೇ ನಲವತ್ತು ವರ್ಷ ಗಮನಿಸಿರಲಿಲ್ಲ. ನನ್ನ ತಿಳಿವಳಿಕೆಗೆ ಬಂದಂತೆ ಹೇಳುವುದಾದರೆ, ಆ ಮೇ ತಿಂಗಳ ದಿನದ ನಂತರ ದಾಸ್ತೊಯೆವ್‌ಸ್ಕಿಗೆ ದೀರ್ಘವಾದ ಸೆಳೆತದಲ್ಲಿ ಬೆಳಕು ಕಾಣಲಿಲ್ಲ, ಅರ್ಥವೂ ಕಾಣಲಿಲ್ಲ. ಅರ್ಥವಿಲ್ಲದ್ದನ್ನು ಸುಳ್ಳುಗಾರನ ಬಾಯಲ್ಲಲ್ಲದೆ ಬೇರೆಲ್ಲಿ ಇಡಬೇಕೆಂಬುದು ಅವನಿಗೆ ತೋಚಲಿಲ್ಲ. ಗೊತ್ತಿದ್ದೂ ಬಿಟ್ಟಿದ್ದಾನೆ ಎಂದ ತಮ್ಮನ ಮಾತು ಸರಿ. ಆದರೆ ಬಿಟ್ಟದ್ದು ಅಸಡ್ಡೆಯಿಂದಲ್ಲವೆಂದು ನಾನು ಲೇಖಕನ ಪರವಾಗಿ ವಾದಿಸುತ್ತೇನೆ.

ಕಥೆಗಾರರು ಬಿಟ್ಟದ್ದನ್ನು ಹಿಡಿದವರು ಕಥೆ ಕಟ್ಟದವರು. ನಗೆಗವಿತೆಗಳಿಂದ ಹೆಸರಾದ ಎಡ್ವರ್ಡ್ ಲಿಯರ್ ಬಾಲ್ಯದಿಂದಲೂ ಅಪಸ್ಮಾರದ ರೋಗಿ; ಅದನ್ನು ಲೋಕದಿಂದ ಮುಚ್ಚಿಟ್ಟಿದ್ದ. ತನ್ನ ದಿನಚರಿಯಲ್ಲಿ ಮಾತ್ರ ಸೆಳೆತ ಬಂದ ದಿನಗಳಿಗೆ ಒಂದು ಅಡ್ಡಗೀಟಿನ ಗುರುತು ಹಾಕುತ್ತಿದ್ದ. ನಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಕೆಂಪು ಪೆನ್ಸಿಲಿನಿಂದ ಹಾಕುತ್ತಿದ್ದ ಗುರುತೂ ಅದೇ.

ಇತ್ತೀಚಿನ ಎರಡು ಪುಸ್ತಕಗಳನ್ನು ಇಲ್ಲಿ ಹೇಳಲೇಬೇಕು. ಆನ್ ಫ್ಯಾಡಿಮನ್ 1997ರಲ್ಲಿ ಬರೆದ 'ದಿ ಸ್ಪಿರಿಟ್ ಕ್ಯಾಚಸ್ ಯು ಅಂಡ್ ಯು ಫಾಲ್ ಡೌನ್' ನಿಜವಾದ ವೃತ್ತಾಂತ. ಲಾವೋಸಿನಿಂದ ಓಡಿಬಂದು ಕ್ಯಾಲಿಫೋರ್ನಿಯದ ಮರ್ಸೆಡ್ ಊರಿನಲ್ಲಿ ನೆಲೆಸಿದ ಹ್ಮೊಂಗ್ ಜನರ ಮಗು ಲಿಯಾ; ಮೂರು ತಿಂಗಳ ಕೂಸಾಗಿದ್ದಾಗಲೇ ಸೆಳೆತ ಶುರು. ದೆವ್ವ ಹಿಡಿದು ಬೀಳಿಸುತ್ತದೆಂಬುದು ಅವರ ಭಾಷೆಯಲ್ಲಿ ರೋಗದ ಹೆಸರು. ಪುಸ್ತಕದ ಹೆಸರೂ ಅದೇ. ನಾಲ್ಕು ವರ್ಷ ತುಂಬುವಷ್ಟರಲ್ಲಿ ವೈದ್ಯರು ಇಪ್ಪತ್ತಮೂರು ಸಲ ಔಷಧಕ್ರಮವನ್ನು ಬದಲಾಯಿಸಿದರು. ತಂದೆತಾಯಿ ಸರಿಯಾಗಿ ಕೊಡುತ್ತಿಲ್ಲವೆಂದು ಮಗುವನ್ನೇ ಅವರಿಂದ ತೆಗೆದು ಬೇರೆ ಮನೆಯಲ್ಲಿ ಇಟ್ಟರು. ಹಿಂದಿರುಗಿಸಿದ ಮೇಲೆ 1986ರ ನವೆಂಬರ್ 25ರಂದು ಬಂದ ಸೆಳೆತ ಎರಡು ಗಂಟೆಯ ಹತ್ತಿರ ನಿಲ್ಲಲಿಲ್ಲ. ಲಿಯಾಳ ಪ್ರಜ್ಞೆ ಮತ್ತೆ ಮರಳಲಿಲ್ಲ. ಆಸ್ಪತ್ರೆಯವರು ಸಾಯಲೆಂದು ಮನೆಗೆ ಕಳಿಸಿದ ಮಗುವನ್ನು ತಾಯಿ ಮೀಯಿಸಿ, ಉಣಿಸಿ, ಬೆನ್ನಿಗೆ ಕಟ್ಟಿಕೊಂಡು ಸಾಕಿದಳು. ಅವಳು ತೀರಿಕೊಂಡದ್ದು 2012ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ.

ಈ ಪುಸ್ತಕವನ್ನು ಮೊದಲು ಓದಿದಾಗ ನಾನು ಆ ತಾಯಿಯ ಮೇಲೆ ಕೋಪಗೊಂಡೆ. ನಮ್ಮಮ್ಮ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಿದವಳಲ್ಲ. ಆದರೂ ಒಬ್ಬ ವೈದ್ಯರು, ಊರೂ ಹೆಸರೂ ಇಲ್ಲಿ ಬೇಡ, "ಡೋಸು ತಪ್ಪಿಸಿರುತ್ತೀರಿ, ಇಲ್ಲದಿದ್ದರೆ ಹೀಗಾಗುವುದಿಲ್ಲ" ಎಂದು ನಾಲ್ಕು ಜನರೆದುರು ಅಂದರು. ಅಂದಿನಿಂದ ಅಮ್ಮ ಖಾಲಿಯಾದ ಮಾತ್ರೆಯ ಹಾಳೆಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿ, ಪ್ರತಿ ಸಲವೂ ಆಸ್ಪತ್ರೆಗೆ ಹೊತ್ತು ತರುತ್ತಿದ್ದಳು. ಅದನ್ನು ತೆರೆದು ತೋರಿಸಿರೆಂದು ಯಾರೂ ಕೇಳಲಿಲ್ಲ.

ಫ್ಯಾಡಿಮನ್ ಪುಸ್ತಕವನ್ನು ಲೋಕ ಓದಿರುವ ಬಗೆಯ ಮೇಲೆ ನನಗೆ ತಕರಾರಿದೆ. ಒಬ್ಬ ಒಳ್ಳೆಯ ದುಭಾಷಿಯಿದ್ದಿದ್ದರೆ, ವೈದ್ಯರೂ ತಂದೆತಾಯಿಯೂ ಒಬ್ಬರನ್ನೊಬ್ಬರು ಅರಿತಿದ್ದರೆ, ಮಗು ಉಳಿಯುತ್ತಿತ್ತೆಂಬ ಪಾಠವನ್ನು ಎಲ್ಲರೂ ಅದರಿಂದ ತೆಗೆಯುತ್ತಾರೆ. ಅದೊಂದು ಸಮಾಧಾನ, ಯಾರೋ ತಪ್ಪು ಮಾಡಿದರು, ಆದ್ದರಿಂದ ಹೀಗಾಯಿತು ಎಂಬ ಸಮಾಧಾನ. ಆದರೆ ಪುಸ್ತಕದ ಕೊನೆಯ ಭಾಗದಲ್ಲಿ ಲೇಖಕಿಯೇ ಬೇರೊಂದನ್ನು ವರದಿ ಮಾಡುತ್ತಾಳೆ: ಆ ಕೊನೆಯ ಸೆಳೆತಕ್ಕೆ ರಕ್ತದಲ್ಲಿ ಸೇರಿದ ಸೋಂಕೇ ಕಾರಣವಾಗಿರಬೇಕೆಂದೂ, ಮಗುವಿನ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಲ್ಲಿ ಔಷಧದ ಕೈಯೂ ಇದ್ದಿರಬಹುದೆಂದೂ ನರರೋಗ ತಜ್ಞರೊಬ್ಬರು ಅವಳಿಗೆ ಹೇಳಿದರು. ಮಾತ್ರೆ ತಪ್ಪಿಸಿದ ತಾಯಿ, ತಪ್ಪಿಸದ ತಾಯಿ, ಇಬ್ಬರೂ ಒಂದೇ ಬಾಗಿಲಿಗೆ ಬಂದು ನಿಂತರಲ್ಲ! ಈ ಪುಟ ಓದಿದ ಮೇಲೆ ನನ್ನ ಕೋಪ ಎಲ್ಲಿ ಹೋಯಿತೋ ತಿಳಿಯದು. ಪಾಠಕ್ಕೆ ಒಗ್ಗದ ಈ ಪುಟವೇ ಪುಸ್ತಕದ ಜೀವವೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಚಿತ್ರದಲ್ಲಿ ಬರೆದ ಆತ್ಮಕಥೆ. ಡೇವಿಡ್ ಬಿ. ಎಂಬ ಫ್ರೆಂಚ್ ಕಲಾವಿದ 1996ರಿಂದ 2003ರವರೆಗೆ ಆರು ಸಂಪುಟಗಳಲ್ಲಿ ಹೊರತಂದದ್ದು, ಇಂಗ್ಲಿಷಿನಲ್ಲಿ 'ಎಪಿಲೆಪ್ಟಿಕ್'. ಅವನ ಅಣ್ಣನಿಗೆ 1964ರಲ್ಲಿ ರೋಗ ಶುರುವಾಗುತ್ತದೆ. ವೈದ್ಯರು ಸೋಲುತ್ತಾರೆ, ಮನೆಯವರು ಪಥ್ಯದ ಗುರುಗಳ ಆಶ್ರಮ, ಪ್ರೇತಗಳೊಡನೆ ಮಾತಾಡುವವರು, ಮಂತ್ರವಾದಿಗಳು ಎಂದು ಅಲೆಯುತ್ತಾರೆ. ನಮ್ಮ ಮನೆಯ ತಾಯಿತ, ಹರಕೆ, ನಾಟಿವೈದ್ಯಗಳ ಪಟ್ಟಿಗೂ ಅದಕ್ಕೂ ಉಡುಪಿನಲ್ಲಷ್ಟೆ ಭೇದ. ಚಿತ್ರಗಳ ಪುಸ್ತಕವೆಂದು ನಾನು ಮೂಗು ಮುರಿದಿದ್ದೆ. ಆದರೆ ಗದ್ಯ ಮಾಡಲಾರದ ಒಂದು ಕೆಲಸವನ್ನು ಚಿತ್ರ ಮಾಡಬಲ್ಲದು: ಮತ್ತೆ ಮತ್ತೆ ತೋರಿಸುವುದು. ನೂರು ಸಲ ಬೀಳುವುದನ್ನು ಬರೆದರೆ ಓದುಗ ಪುಟ ಮಗುಚುತ್ತಾನೆ. ಇಲ್ಲಿ ಘಟಸರ್ಪದಂಥ ಪ್ರಾಣಿಯೊಂದು ಅಣ್ಣನ ಮೈಯನ್ನು ಸುತ್ತಿಕೊಂಡು ಪುಟದಿಂದ ಪುಟಕ್ಕೆ ಹರಿಯುತ್ತದೆ. ತಮ್ಮನಾದವನ ಸಿಟ್ಟು, ನಾಚಿಕೆ, ಓಡಿಹೋಗುವ ಆಸೆ, ಯಾವುದನ್ನೂ ಲೇಖಕ ಮುಚ್ಚಿಲ್ಲ. ಸಂಕೇತಗಳ ಹೊರೆ ಕೆಲವು ಕಡೆ ಅತಿಯಾಗಿದೆಯೆಂಬುದು ನಿಜ. ಅಜ್ಜಂದಿರ ಯುದ್ಧದ ಕಥೆಗಳು ನನಗೆ ದಣಿವು ತಂದುವು. ಆದರೂ ಮೊದಲ ಪುಟಗಳನ್ನು ಮರೆಯಲಾರೆ. 1994ರಲ್ಲಿ ತಂದೆತಾಯಿಯ ಮನೆಯ ಬಚ್ಚಲಿಗೆ ಯಾರೋ ಒಬ್ಬ ಬರುತ್ತಾನೆ. ಔಷಧದಿಂದ ಊದಿದ ಮೈ, ಎಲ್ಲೆಲ್ಲೂ ಗಾಯದ ಕಲೆ, ಬಿದ್ದು ಬಿದ್ದು ಹಿಂದಲೆಯಲ್ಲಿ ಕೂದಲು ಹೋಗಿದೆ. ಅವನು ತನ್ನ ಅಣ್ಣನೆಂದು ಗುರುತಿಸಲು ಲೇಖಕನಿಗೆ ಒಂದು ಗಳಿಗೆ ಬೇಕಾಯಿತು.

ಆ ಪುಟವನ್ನು ತಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡಿದ. ತನ್ನ ಹಿಂದಲೆಯನ್ನು ಕೈಯಿಂದ ಸವರಿಕೊಂಡ. "ಇವನು ಬಿಟ್ಟಿಲ್ಲ" ಎಂದ.

ಆಮೇಲೆ 'ಇಡಿಯಟ್' ಮುಂದುವರಿಸು ಎಂದ. ಚೀನಾ ಹೂದಾನಿ ಒಡೆಯುವವರೆಗೆ ಬಂದಿದ್ದೇವೆ. ಅಲ್ಲಿ ಇನ್ನೊಮ್ಮೆ ಸೆಳೆತ ಬರುತ್ತದೆ, ಅದರ ನಿಮಿಷವನ್ನೂ ಲೇಖಕ ಕೊಟ್ಟಿಲ್ಲ. ತಮ್ಮ ಈಗ ಅದನ್ನು ಕೇಳುವುದಿಲ್ಲ. ಬೇರೆ ಕೇಳುತ್ತಾನೆ: "ಸ್ವಿಟ್ಜರ್ಲೆಂಡಿನ ಆ ಡಾಕ್ಟರ ಹತ್ತಿರ ವಾಪಸು ಹೋಗುತ್ತಾನಾ? ಕೊನೆಗೆ ವಾಸಿಯಾಗುತ್ತಾ?"

ಕಡೆಯ ಭಾಗವನ್ನು ನಾನಿನ್ನೂ ಅವನಿಗೆ ಹೇಳಿಲ್ಲ.